ಸುಲ್ತಾನ್‌ಪೇಟೆಯ ಅಂಗಡಿಗೆ ಅರವತ್ತು ಸಂವತ್ಸರ

ಮೊನ್ನೆ ನಮ್ಮ ಮನೆಗೆ ಒಂದು ಕಟ್ಟು ಮದುವೆ ಕಾರ್ಡು ಬಂತು. ದಾರ ಬಿಚ್ಚಿದ ಕೂಡಲೇ ಇಂಕಿನ ವಾಸನೆ, ಅದರ ಹಿಂದೆ ಸ್ವಲ್ಪ ಸೀಮೆಎಣ್ಣೆ ವಾಸನೆ. ಕಾರ್ಡಿನ ಮೂಲೆಗೆ ಹಚ್ಚೋಕೆ ಅಂತ ನಾನು ಬಟ್ಟಲಲ್ಲಿ ಅರಿಶಿನ ಕಲಸಿಟ್ಟುಕೊಂಡಿದ್ದೆ. ಮೂರು ವಾಸನೆಯೂ ಸೇರಿಕೊಂಡವು ನೋಡಿ, ಸ್ವಭಾನು ಸಂವತ್ಸರ ಮುಗಿದು ತಾರಣ ಬಂದ ಆ ಯುಗಾದಿ ಕಣ್ಣ ಮುಂದೆ ಬಂತು. ಯಾರ ಮದುವೆ ಕಾರ್ಡು ಅಂತ ಆಮೇಲೆ ಹೇಳುತ್ತೇನೆ. ಈಗಲೇ ಹೇಳಿಬಿಡೋಣ ಅಂತ ಬಾಯಿ ತುಡಿಯುತ್ತಿದೆ, ಆದರೂ ತಡೆದುಕೊಳ್ಳುತ್ತೇನೆ.

ಇಸವಿ ಎರಡು ಸಾವಿರದ ನಾಲ್ಕು ಇರಬೇಕು. ನನಗೆ ಇಸವಿ ಅಷ್ಟಾಗಿ ನಿಲ್ಲೋದಿಲ್ಲ, ಓದಿದ್ದು ಮೂರನೇ ಕ್ಲಾಸು. ಸಂವತ್ಸರ ಮಾತ್ರ ಚೆನ್ನಾಗಿ ಜ್ಞಾಪಕ ಇದೆ, ಯಾಕೆಂದರೆ ಆ ವರ್ಷ ಸಂವತ್ಸರದ ದೆಸೆಯಿಂದಲೇ ನಮ್ಮ ಅಂಗಡಿ ಮುಚ್ಚಿ ಹೋಗುವುದರಲ್ಲಿತ್ತು.

ಅಂಗಡಿ ಸುಲ್ತಾನ್‌ಪೇಟೆಯಲ್ಲಿ. ಮದುವೆ ಕಾರ್ಡು ಪ್ರಿಂಟ್ ಮಾಡಿಕೊಡೋದು. ನಮ್ಮ ಯಜಮಾನರು ಶುರು ಮಾಡಿದ್ದು. ಆಗೆಲ್ಲ ಸೀಸದ ಅಕ್ಷರ ಒಂದೊಂದಾಗಿ ಜೋಡಿಸುತ್ತಿದ್ದರು. ಆಮೇಲೆ ಕಂಪ್ಯೂಟರ್ ಬಂತು, ಅದರಲ್ಲೇ ಅಕ್ಷರ ಜೋಡಿಸೋ ಡಿಟಿಪಿ ಬಂತು, ಅಂಗಡಿ ನಮ್ಮ ಮಗ ನಾಗರಾಜನ ಕೈಗೆ ಬಂತು. ಮನೆ ಚಾಮರಾಜಪೇಟೆ. ಅಡುಗೆ ಮುಗಿಸಿ ಊಟದ ಕ್ಯಾರಿಯರ್ ಹಿಡಿದುಕೊಂಡು ಮಾರ್ಕೆಟ್ ಹಾದು ನಡೆದು ಹೋಗುತ್ತಿದ್ದೆ. ಅಂಗಡಿಯಲ್ಲಿ ನನ್ನ ಕೆಲಸ ಅಂದರೆ ಒಳಹಾಳೆ ಮಡಿಸೋದು, ಕಾರ್ಡಿನೊಳಗೆ ಸೇರಿಸೋದು, ಕೇಳಿದವರಿಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಕೊಡೋದು. ಖಾಲಿ ಕಾರ್ಡುಗಳು ಶಿವಕಾಶಿಯಿಂದ ಬರುತ್ತಿದ್ದವು, ಗಣಪತಿ, ಕಳಶ, ಪಲ್ಲಕ್ಕಿ, ಏನು ಬೇಕೋ ಅದು. ಒಳಗಿನ ಮ್ಯಾಟರ್ ಮಾತ್ರ ನಾವು ಹಾಕಬೇಕು. ನಲವತ್ತು ವರ್ಷ ಆಗುತ್ತಾ ಬಂದರೂ ಆ ಕೆಲಸ ನನಗೆ ಬೇಜಾರಾಗಿರಲಿಲ್ಲ.

ಒಂದು ಮದುವೆ ಅಂದರೆ ಒಂದು ಕಾರ್ಡು ಅಂದುಕೊಂಡಿರುತ್ತಾರೆ ಜನ. ಹಾಗಲ್ಲ. ಹೆಣ್ಣಿನ ಕಡೆಯವರಿಗೆ ಒಂದು, ಗಂಡಿನ ಕಡೆಯವರಿಗೆ ಒಂದು. ಎರಡಕ್ಕೂ ಕನ್ನಡದಲ್ಲಿ ಒಂದು, ಆಫೀಸಿನವರಿಗೆ ಇಂಗ್ಲಿಷಲ್ಲಿ ಒಂದು. ಬೀಗರು ತೆಲುಗಿನವರಾದರೆ ತೆಲುಗಲ್ಲೂ ಬೇಕು. ಆರತಕ್ಷತೆಗೆ ಬೇರೆ, ಚಪ್ಪರಕ್ಕೆ ಬೇರೆ, ತಾಂಬೂಲದ ಚೀಲದ ಮೇಲೆ ಹೆಸರು ಬೇರೆ. ಇಷ್ಟರಲ್ಲೂ ಅದೇ ಹೆಸರು, ಅದೇ ಮುಹೂರ್ತ, ಅದೇ ಛತ್ರ. ಹುಡುಗಿಯ ಸೋದರಮಾವ ಬಂದು ನನ್ನ ಇನಿಷಿಯಲ್ ತಪ್ಪಾಗಿದೆ ಅಂದರೆ ಅಷ್ಟರಲ್ಲೂ ಹುಡುಕಿ ತಿದ್ದಬೇಕು. ಎಲ್ಲೋ ಒಂದು ಕಡೆ ಬಿಟ್ಟು ಹೋಗುತ್ತಿತ್ತು.

ಮುಂಚೆ ಅಷ್ಟಾಗಿ ಬಿಟ್ಟು ಹೋಗುತ್ತಿರಲಿಲ್ಲ. ಯಜಮಾನರು ಪ್ರತಿಯೊಂದನ್ನೂ ಗಟ್ಟಿಯಾಗಿ ಓದಿ ಆಮೇಲೆ ಪ್ರಿಂಟಿಗೆ ಬಿಡುತ್ತಿದ್ದರು. ಅವರ ಕಣ್ಣು ಹೋಗುತ್ತಾ ಬಂತು. ಪೊರೆ ತೆಗೆಸಿದೆವು, ಆಮೇಲೆ ಡಾಕ್ಟರು ಇದು ಬರೀ ಪೊರೆ ಅಲ್ಲ, ಕಣ್ಣಿನ ನರವೇ ಒಣಗಿದೆ ಅಂದರು. ಅಲ್ಲಿಂದ ಅಂಗಡಿಯಲ್ಲಿ ತಪ್ಪು ಜಾಸ್ತಿಯಾಯಿತು. ನಾಗ ಒಬ್ಬನೇ ಗಿರಾಕಿ ನೋಡಬೇಕು, ಶಿವಕಾಶಿಗೆ ಫೋನ್ ಮಾಡಬೇಕು, ಪ್ರೂಫ್ ಓದಬೇಕು. ಆಗದ ಮಾತು.

ಹಿಂದಿನ ವರ್ಷ, ಚಿತ್ರಭಾನು ಮುಗಿಯೋ ಹೊತ್ತಿನಲ್ಲಿ, ಒಬ್ಬರು ಛತ್ರ ಬದಲಾಯಿಸಿದರು. ಬಸವನಗುಡಿಯಲ್ಲಿ ಇದ್ದದ್ದು ಮಲ್ಲೇಶ್ವರಕ್ಕೆ ಹೋಯಿತು. ಎಲ್ಲ ಕಾರ್ಡಲ್ಲೂ ತಿದ್ದಿದ ನಾಗ ಇಂಗ್ಲಿಷಿನ ಆರತಕ್ಷತೆ ಕಾರ್ಡೊಂದನ್ನು ಬಿಟ್ಟ. ಹುಡುಗನ ಆಫೀಸಿನವರೆಲ್ಲ ಗುಂಪಾಗಿ ಬಸವನಗುಡಿಗೆ ಹೋಗಿ, ಅಲ್ಲಿ ಯಾರದೋ ಆರತಕ್ಷತೆ ನಡೀತಿತ್ತು, ಮುಯ್ಯಿ ಕೊಟ್ಟು, ಫೋಟೋ ತೆಗೆಸಿಕೊಂಡು, ಊಟ ಮಾಡಿ ಬಂದಿದ್ದರು. ನಮ್ಮ ಹುಡುಗ ಇವನಲ್ಲ ಅಂತ ಅವರಿಗೆ ಗೊತ್ತಾಗಿದ್ದು ಕ್ಯೂನಲ್ಲಿ ನಿಂತು ವೇದಿಕೆ ಹತ್ತಿದ ಮೇಲೆ. ವಾಪಸ್ ಇಳಿಯೋಕೆ ಸಂಕೋಚ. ಈಗ ಹೇಳಿದರೆ ನಗು ಬರುತ್ತೆ. ಅವತ್ತು ಹುಡುಗನ ತಂದೆ ಅಂಗಡಿ ಮುಂದೆ ನಿಂತು ಬೈದಿದ್ದನ್ನು ಇಡೀ ಬೀದಿ ಕೇಳಿಸಿಕೊಂಡಿತು. ನಾಗ ತಲೆ ಎತ್ತಲಿಲ್ಲ. ಯಜಮಾನರು ಬೆಂಚಿನ ಮೇಲೆ ಕೂತು ಎರಡು ಕೈಯನ್ನೂ ಮಂಡಿ ಮೇಲಿಟ್ಟುಕೊಂಡು ಕೇಳುತ್ತಿದ್ದರು.

ಪಕ್ಕದಲ್ಲಿ ಪ್ರಕಾಶನ ಚೀಲದಂಗಡಿ. ಅವನಿಗೆ ಮಧ್ಯದ ಗೋಡೆ ಒಡೆದು ನಮ್ಮ ಅಂಗಡಿಯನ್ನೂ ಸೇರಿಸಿಕೊಳ್ಳೋ ಆಸೆ ಮೊದಲಿಂದಲೂ ಇತ್ತು. ಅವತ್ತಿಂದ ದಿನಾ ಬಂದು ಕೂತು, "ಏನ್ ನಾಗರಾಜಣ್ಣ, ಯಾವಾಗ?" ಅನ್ನೋಕೆ ಶುರು ಮಾಡಿದ.

ನಾಗನಿಗೆ ಒಬ್ಬಳೇ ಮಗಳು, ಸುಮ. ಆ ವರ್ಷ ಕಂಪ್ಯೂಟರ್ ಓದಿನ ಕೊನೇ ವರ್ಷದಲ್ಲಿದ್ದಳು. ಅವಳಿಗೆ ಅಂಗಡಿ ಬೇಕು. ಚಿಕ್ಕಂದಿನಿಂದ ತಾತನ ಪಕ್ಕ ಕೂತು ಸೀಸದ ಅಕ್ಷರ ಆಡಿಕೊಂಡು ಬೆಳೆದವಳು, ಅಂಗಡಿ ನಾನು ನೋಡ್ಕೋತೀನಿ ಅಂತ ಹಟ. ನಾಗ ಒಪ್ಪಲ್ಲ.

"ಇಷ್ಟು ಓದ್ಸಿದ್ದು ಸುಲ್ತಾನ್‌ಪೇಟೇಲಿ ಕೂರ್ಸೋಕಾ?" ಅಂದ.

"ನೀನೂ ಓದಿದೀಯಲ್ಲ ಅಪ್ಪ, ಬಿಕಾಂ. ನಿನ್ನ ಯಾರು ಕೂರ್ಸಿದ್ರು?"

"ನಂಗೆ ಬೇರೆ ಗತಿ ಇರ್ಲಿಲ್ಲ."

"ನಂಗೆ ಬೇರೆ ಗತಿ ಇದೆ. ಆದ್ರೂ ಇದೇ ಬೇಕು."

ಕೊನೆಗೆ ಸಂಕ್ರಾಂತಿಯ ದಿನ ಎಳ್ಳು ಬೀರೋಕೆ ಹೊರಟಿದ್ದವಳನ್ನು ನಿಲ್ಲಿಸಿ ಹೇಳಿದ. "ವೈಶಾಖ ಮುಗಿಯೋವರ್ಗೂ ಟೈಮ್ ಕೊಡ್ತೀನಿ. ನೀನೇನು ಮಾಡ್ತೀಯೋ ಮಾಡು. ಒಬ್ಬರೇ ಒಬ್ಬರು ತಪ್ಪಾಗಿದೆ ಅಂತ ಕಾರ್ಡ್ ಹಿಡ್ಕೊಂಡು ವಾಪಸ್ ಬಂದ್ರೆ, ಶಟರ್ ಎಳೆದು ಪ್ರಕಾಶನ ಕೈಗೆ ಬೀಗದ ಕೈ ಕೊಟ್ಬಿಡ್ತೀನಿ. ಆಮೇಲೆ ಅಳಬಾರದು."

"ಅಳಲ್ಲ," ಅಂದಳು. ಎಳ್ಳಿನ ತಟ್ಟೆ ಕೈಯಲ್ಲೇ ಇತ್ತು. ಯಜಮಾನರು ಒಳಗಿನಿಂದ, "ಬೆಲ್ಲ ಚೆಲ್ತಾ ಇದೆ ನೋಡ್ಕೋ ಮಗೂ" ಅಂದರು. ಕಣ್ಣು ಕಾಣದಿದ್ದರೂ ಬೆಲ್ಲದ ಚೂರು ನೆಲಕ್ಕೆ ಬಿದ್ದ ಸದ್ದು ಅವರಿಗೆ ಕೇಳಿಸಿತ್ತು.

ಮಾಘದಲ್ಲಿ ಮದುವೆಗಳು ಶುರುವಾಗೋ ಮೊದಲು ಸುಮ ಕಾಲೇಜಿನಿಂದ ಬಂದವಳೇ ಅಂಗಡಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂರೋಳು. ಏನೋ ಟಪಟಪ ಅಂತ ಬರೀತಿದ್ದಳು. ಕಾರ್ಡಿನ ಮ್ಯಾಟರ್ ಅಲ್ಲ, ಇಂಗ್ಲಿಷಿನಲ್ಲಿ ಚಿಕ್ಕ ಚಿಕ್ಕ ಸಾಲು. ಒಂದು ದಿನ ನನ್ನ ಕರೆದಳು.

"ಅಜ್ಜಿ, ಬಾ ಇಲ್ಲಿ. ನಿಂಗೆ ಅರ್ಥ ಆದ್ರೆ ಅಪ್ಪಂಗೂ ಅರ್ಥ ಆಗತ್ತೆ."

"ಅಂದ್ರೆ ನಿಮ್ಮಪ್ಪ ನನಗಿಂತ ದಡ್ಡ ಅಂತಲಾ?"

"ದಡ್ಡ ಅಲ್ಲ, ಕೋಪ ಜಾಸ್ತಿ. ಕೋಪ ಬಂದಾಗ ಕಿವಿ ಕೇಳಲ್ಲ ಅವನಿಗೆ. ಇದು ನೋಡು, ಇದನ್ನ ವೇರಿಯಬಲ್ ಅಂತಾರೆ. ಕಾರ್ಡಲ್ಲಿ ಹುಡುಗಿ ಹೆಸರು ಬರೋ ಕಡೆ ನಾನು ಹೆಸರು ಬರೆಯಲ್ಲ. ವಧು ಅಂತ ಗುರುತು ಇಟ್ಟಿರ್ತೀನಿ. ವಧು ಅಂದ್ರೆ ಯಾರು ಅಂತ ಒಂದ್ಕಡೆ, ಒಂದೇ ಸಲ, ಮೇಲೆ ಬರೀತೀನಿ."

"ಹಸೆಮಣೆ ಥರ," ಅಂದೆ. "ಮಣೆ ಅದೇ, ಕೂರೋ ಹುಡುಗಿ ಬೇರೆ."

ಸುಮ ನನ್ನ ಮುಖ ನೋಡಿದಳು. "ಅಜ್ಜಿ, ನಮ್ಮ ಕಾಲೇಜಲ್ಲಿ ಇದನ್ನ ಹೇಳೋಕೆ ಒಂದು ವಾರ ತಗೊಂಡ್ರು."

ನನಗೆ ಅವತ್ತು ಆದ ಖುಷಿ ಹೇಳತೀರದು. ಆಮೇಲೆ ರೂಲು ಅಂದಳು. ಯಾವ ಕಾರ್ಡಿಗೆ ಏನೇನು ಬೇಕು ಅಂತ ಬರೆಯೋದು ರೂಲು. ಆರತಕ್ಷತೆ ಕಾರ್ಡಿಗೆ ವಧು, ವರ, ಛತ್ರ, ಸಂಜೆ ಹೊತ್ತು ಬೇಕು. ಚಪ್ಪರದ ಕಾರ್ಡಿಗೆ ಮನೆ ವಿಳಾಸ ಬೇಕು, ಛತ್ರ ಬೇಡ. ಛತ್ರ ಬದಲಾದರೆ ಛತ್ರ ಬೇಕಾಗಿರೋ ಕಾರ್ಡುಗಳನ್ನೆಲ್ಲ ಕಂಪ್ಯೂಟರ್ ತಾನೇ ಮತ್ತೆ ಮಾಡುತ್ತೆ, ಬೇಡದ್ದನ್ನು ಮುಟ್ಟೋದಿಲ್ಲ.

"ಬೇಳೆ ಬೆಂದಿದ್ರೆ ಮತ್ತೆ ಬೇಯ್ಸಲ್ಲ ಅಂತ."

"ಹೂಂ. ಉಪ್ಪು ಬದಲಾದ್ರೆ ಹುಳಿ ಮಾತ್ರ ಕುದ್ಸತ್ತೆ."

"ಅಲ್ಲ ಸುಮಿ, ಇಷ್ಟು ಮದುವೆಗೆ ಇಷ್ಟು ಥರ ಕಾರ್ಡಿಗೆ ಇಷ್ಟು ರೂಲು ಬರೆದು ನಿನ್ನ ಬೆರಳು ಸವೆಯಲ್ವೇನೇ?"

ಅವಳು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ ಅನ್ನಿಸುತ್ತೆ. ಕುರ್ಚಿಯಲ್ಲಿ ತಿರುಗಿ ಕೂತಳು. "ನಾನು ಬರೆಯಲ್ಲ ಅಜ್ಜಿ. ರೂಲು ಬರೆಯೋ ರೂಲು ಒಂದು ಬರೆದಿದೀನಿ. ಮದುವೆಗಳು ಇವು, ಕಾರ್ಡಿನ ಥರ ಇವು, ಭಾಷೆ ಇವು ಅಂತ ಕೊಟ್ರೆ ಸಾಕು. ಒಂದೊಂದು ಮದುವೆಗೂ ಒಂದೊಂದು ಥರಕ್ಕೂ ಅದು ತಾನೇ ರೂಲು ಹುಟ್ಸತ್ತೆ."

ಅದು ಹೇಗೆ ಅಂತ ನನಗೆ ಪೂರ್ತಿ ತಿಳಿಯಲಿಲ್ಲ, ಸುಳ್ಳು ಹೇಳಬಾರದು. ಆದರೆ ನಡೆಯೋದನ್ನು ಕಣ್ಣಾರೆ ನೋಡಿದೆ. ಮಾಘದ ಒಂದು ಮದುವೆಯವರು ಬಂದು ಹುಡುಗಿ ಹೆಸರಿಗೆ ಕೊನೆಯಲ್ಲಿ ದೀರ್ಘ ಬೇಕು, ಸಂಖ್ಯಾಶಾಸ್ತ್ರದವರು ಹೇಳಿದ್ದಾರೆ ಅಂದರು. ಮುಂಚೆಯಾಗಿದ್ದರೆ ನಾಗ ಹಣೆ ಒತ್ತಿಕೊಳ್ಳುತ್ತಿದ್ದ. ಸುಮ ಒಂದು ಕಡೆ ಒಂದು ದೀರ್ಘ ಹಾಕಿದಳು, ಒಂದು ಗುಂಡಿ ಒತ್ತಿದಳು. ಪ್ರಿಂಟರಿನಿಂದ ಹೆಣ್ಣಿನ ಕಡೆಯದು, ಗಂಡಿನ ಕಡೆಯದು, ಇಂಗ್ಲಿಷಿನದು, ಚೀಲದ್ದು, ಎಲ್ಲ ಒಂದರ ಹಿಂದೆ ಒಂದು ಬಂದವು. ನಾಗ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ. ಎಲ್ಲದರಲ್ಲೂ ದೀರ್ಘ ಇತ್ತು. ಎದುರು ಅಂಗಡಿಗೆ ಹೋಗಿ ಕಾಫಿ ತಂದ, ಸುಮಳಿಗೂ ಒಂದು ಲೋಟ.

ಪ್ರೂಫ್ ಓದೋ ಕೆಲಸ ಮತ್ತೆ ಯಜಮಾನರ ಕಡೆಗೆ ಬಂತು. ಒಂದು ಮದುವೆಯ ಮ್ಯಾಟರನ್ನು ಸುಮ ಗಟ್ಟಿಯಾಗಿ ಓದುವಳು, ಅವರು ಕಣ್ಣು ಮುಚ್ಚಿಕೊಂಡು ಕೇಳುವರು. "ಆ ಗೋತ್ರ ಇನ್ನೊಂದ್ಸಲ ಹೇಳು," ಅನ್ನುವರು. ಒಂದನ್ನು ಕೇಳಿದರೆ ಸಾಕಿತ್ತು, ಮಿಕ್ಕವೆಲ್ಲ ಅದರಿಂದಲೇ ಹುಟ್ಟಿದವು. ತಿಂಗಳುಗಟ್ಟಲೆ ಬೆಂಚಿನ ಮೇಲೆ ಸುಮ್ಮನೆ ಕೂತಿದ್ದವರು ಈಗ ಬೆಳಿಗ್ಗೆ ನನಗಿಂತ ಮುಂಚೆ ಸ್ನಾನ ಮಾಡಿ, "ಹೊರಡೋಣ್ವಾ?" ಅನ್ನುತ್ತಿದ್ದರು.

ಫಾಲ್ಗುಣ ಬಂತು. ಬಿಸಿಲು ಏರಿತು. ಚಾಮರಾಜಪೇಟೆಯ ಹೊಂಗೆ ಮರಗಳೆಲ್ಲ ಎಲೆ ಉದುರಿಸಿ ಮತ್ತೆ ಚಿಗುರಿದವು. ಮಾರ್ಕೆಟ್ ಹತ್ತಿರ ಮಾವಿನಕಾಯಿ ರಾಶಿ ಬಿತ್ತು. ಅಂಗಡಿಯಲ್ಲಿ ಒಂದು ತಪ್ಪೂ ಬಂದಿರಲಿಲ್ಲ. ಪ್ರಕಾಶ ಬಂದಾಗ ನಾಗ ಈಗ ಮುಂಚಿನ ಹಾಗೆ ಕುರ್ಚಿ ಎಳೆದು ಕೊಡುತ್ತಿರಲಿಲ್ಲ.

ಯುಗಾದಿಗೆ ಮುಂಚಿನ ಆ ಮುಹೂರ್ತಗಳಲ್ಲಿ ಒಂದು ಲಕ್ಷ್ಮಮ್ಮನ ಮಗಳದ್ದು. ಲಕ್ಷ್ಮಮ್ಮ ಮಾರ್ಕೆಟ್‌ನಲ್ಲಿ ಸೊಪ್ಪಿನ ಹೋಲ್‌ಸೇಲ್ ಮಾಡುವಾಕೆ. ಹಿಂದೆ ಅವಳ ಸ್ವಂತ ಮದುವೆಯ ಕಾರ್ಡೂ ನಮ್ಮಲ್ಲೇ ಆಗಿದ್ದು. ಸುಮ ಓದಿದಳು, ಯಜಮಾನರು ಕೇಳಿದರು, ಲಕ್ಷ್ಮಮ್ಮನ ತಮ್ಮ ಬಂದು ಪ್ರೂಫ್ ಒಪ್ಪಿ ಹೋದ. ಎಲ್ಲ ಸರಿ ಇತ್ತು. ಮಾರನೆಯ ದಿನ ಅನ್ವರ್ ಕಂಪ್ಯೂಟರಿನಿಂದ ಮ್ಯಾಟರನ್ನು ಟ್ರೇಸಿಂಗ್ ಹಾಳೆಗೆ ತೆಗೆದು ಪ್ರಿಂಟ್ ಮಾಡಿದ. ಅನ್ವರ್ ನಮ್ಮ ಸ್ಕ್ರೀನ್ ಪ್ರಿಂಟಿಂಗಿನವನು, ಯಜಮಾನರ ಕಾಲದಿಂದ ಇದ್ದವನು. ಒಳಹಾಳೆಗಳು ಒಣಗಿದ ಮೇಲೆ ನಾನು ಮಡಿಸಿ ಸೇರಿಸಿ ಅರಿಶಿನ ಹಚ್ಚಿ ಕಟ್ಟು ಕಟ್ಟಿಟ್ಟೆ. ಸಂಜೆ ಲಕ್ಷ್ಮಮ್ಮ ಬಂದು ದೇವರಿಗೆ ಇಡೋಕೆ ಅಂತ ಒಂದೇ ಒಂದು ಕಾರ್ಡು ತೆಗೆದುಕೊಂಡಳು. ಮೊದಲನೇ ಕಾರ್ಡು ಗಣಪತಿ ಗುಡಿಯಲ್ಲಿ ಇಟ್ಟು ಪೂಜೆ ಮಾಡಿಸದೆ ಯಾರಿಗೂ ಹಂಚೋದಿಲ್ಲ ಅಲ್ಲವೇ. ಮಿಕ್ಕಿದ್ದು ನಾಳೆ ಒಯ್ತೀನಿ ಅಂದಳು.

ಮಾರನೆಯ ದಿನ ಸೊಪ್ಪಿನ ವ್ಯಾಪಾರ ಮುಗಿಸಿ ನೇರ ಅಂಗಡಿಗೆ ಬಂದಳು. ಸೀರೆಯ ಅಂಚಿಗೆ ಕೊತ್ತಂಬರಿ ಎಸಳು ಅಂಟಿತ್ತು. ಕೈಯಲ್ಲಿ ಅದೇ ಕಾರ್ಡು, ಅದರ ಮೇಲೆ ಗುಡಿಯ ಕುಂಕುಮ. ನಾಗನ ಮುಂದಿಟ್ಟಳು.

"ನಾಗರಾಜಪ್ಪ, ನಮ್ಮ ಹುಡುಗೀದು ಯಾವ ವರ್ಷ ಮದುವೆ?"

"ಈ ವರ್ಷವೇ ಲಕ್ಷ್ಮಮ್ಮ. ಯಾಕೆ?"

"ಅರ್ಚಕರು ಓದುದ್ರು. ತಾರಣನಾಮ ಸಂವತ್ಸರದ ಫಾಲ್ಗುಣ ಮಾಸ ಅಂತ ಅದೆ. ಹಬ್ಬಾನೇ ಬಂದಿಲ್ಲ, ತಾರಣ ಎಲ್ಲಿಂದ ಬಂತು? ಇದರ ಪ್ರಕಾರ ನಿನ್ನ ಮಗಳು ಇನ್ನೂ ಒಂದು ವರ್ಷ ತವರಲ್ಲೇ ಇರಬೇಕಮ್ಮ ಅಂತ ನಗಾಡುದ್ರು. ನಂಗೆ ನಗು ಬರ್ಲಿಲ್ಲ. ಸಾಯಂಕಾಲ ಬೀಗರ ಮನೆಗೆ ಕಾರ್ಡ್ ಕೊಡೋಕ್ ಹೋಗ್ಬೇಕು."

ನಾಗ ಕಾರ್ಡು ತೆಗೆದು ನೋಡಿದ. ಕಟ್ಟಿದ್ದ ಕಟ್ಟು ಬಿಚ್ಚಿ ಇನ್ನೊಂದು ನೋಡಿದ, ಇಂಗ್ಲಿಷಿನದು ನೋಡಿದ, ಗಂಡಿನ ಕಡೆಯದು ನೋಡಿದ. ಎಲ್ಲದರಲ್ಲೂ ತಾರಣ. ಅನ್ವರನ ಕಡೆ ತಿರುಗಿದ.

"ನನ್ ಕಡೆ ನೋಡ್ಬೇಡಿ ಸಾರ್," ಅಂದ ಅನ್ವರ್. "ನಂಗೆ ಕನ್ನಡ ಓದೋಕೇ ಬರಲ್ಲ. ಅಕ್ಷರ ಚೆನ್ನಾಗಿ ಬಿತ್ತಾ ಅಂತ ನೋಡ್ತೀನಿ, ಏನ್ ಬಿತ್ತು ಅಂತ ನೋಡಲ್ಲ."

ಸುಮಳಿಗೆ ಅವತ್ತು ಕಾಲೇಜು ಇರಲಿಲ್ಲ, ಅಲ್ಲೇ ಇದ್ದಳು. ಕಂಪ್ಯೂಟರ್ ಮುಂದೆ ಕೂತು ನೋಡಿ, ಸ್ವಲ್ಪ ಹೊತ್ತಿಗೆ ಎದ್ದು ಬಂದಳು.

"ಮಷೀನ್ದಲ್ಲ ಅಪ್ಪ, ತಪ್ಪು ನಂದು. ಅಂಗಡಿಗೆಲ್ಲ ಸೇರಿದ್ದು ಒಂದು ಕಡೆ ಇಟ್ಟಿದೀನಿ, ಒಂದೊಂದು ಮದುವೆಗೆ ಸೇರಿದ್ದು ಒಂದೊಂದು ಕಡೆ. ಸಂವತ್ಸರ ಎಲ್ಲರಿಗೂ ಒಂದೇ ಅಲ್ವಾ ಅಂತ ಅದನ್ನ ಅಂಗಡಿ ಕಡೆ ಇಟ್ಟೆ. ಮೊನ್ನೆ ವೈಶಾಖದ ಮದುವೆ ಒಂದು ಬಂತು. ಅವರಿಗೆ ತಾರಣ ಬೇಕು ಅಂತ ಅಲ್ಲಿ ಬದಲಾಯ್ಸಿದೆ. ಆವಾಗ ಅದನ್ನ ನಂಬ್ಕೊಂಡಿದ್ದ ಕಾರ್ಡೆಲ್ಲ ಮತ್ತೆ ಹುಟ್ಟಿದಾವೆ. ಇವರ ತಮ್ಮ ಪ್ರೂಫ್ ಒಪ್ಪಿದ ಮೇಲೆ, ಅನ್ವರ್ ಭಾಯ್ ಟ್ರೇಸಿಂಗ್ ತೆಗೆಯೋದ್ರೊಳಗೆ."

ನಾಗ ಕೂತ. ಪಕ್ಕದ ಬಾಗಿಲಲ್ಲಿ ಪ್ರಕಾಶ ಚೀಲ ನೇತು ಹಾಕೋ ನೆಪದಲ್ಲಿ ನಿಂತಿದ್ದ. ವೈಶಾಖ ಬರೋಕೆ ಇನ್ನೂ ತಿಂಗಳ ಮೇಲಿತ್ತು. ಮಗು ಪಟ್ಟ ಕಷ್ಟವೆಲ್ಲ ಒಂದು ಸಾಲಿನಲ್ಲಿ ಹೋಯಿತಲ್ಲ ಅಂತ ನಾನು ಅರಿಶಿನದ ಬಟ್ಟಲು ಪಕ್ಕಕ್ಕೆ ಸರಿಸಿದೆ.

ಬೆಂಚಿನಿಂದ ಒಂದು ಸದ್ದು ಬಂತು. ಯಜಮಾನರು ನಗುತ್ತಿದ್ದರು. "ಆ ಸಾಲು ನಾನು ಬಿಚ್ತಾನೇ ಇರ್ಲಿಲ್ಲ ಕಣೋ," ಅಂದರು ನಾಗನಿಗೆ. "ಸೀಸದ ಕಾಲದಲ್ಲಿ. ಮಿಕ್ಕ ಅಕ್ಷರ ಎಲ್ಲ ಬಿಚ್ಚಿ ಡಬ್ಬಿಗೆ ಹಾಕ್ತಿದ್ವಿ. ಸಂವತ್ಸರದ ಸಾಲಿಗೆ ದಾರ ಸುತ್ತಿ ಹಾಗೇ ಇಟ್ಟಿರ್ತಿದ್ದೆ, ವರ್ಷವೆಲ್ಲ ಅದೇ ತಾನೇ ಅಂತ. ಹಬ್ಬದ ಹಿಂದೆ ಮುಂದೆ ಎಷ್ಟು ಸಲ ಏಮಾರಿದೀನೋ. ನಿಮ್ಮಮ್ಮನ್ನ ಕೇಳು."

"ನನ್ನ ಯಾಕೆ ಕೇಳ್ಬೇಕು? ಊರಿಗೆಲ್ಲ ಗೊತ್ತು," ಅಂದೆ.

"ಈಗ ಏನ್ ಮಾಡ್ತೀರಾ ಅದು ಹೇಳಿ," ಅಂದಳು ಲಕ್ಷ್ಮಮ್ಮ. "ಹಳೇ ಕತೆ ಹೇಳೋಕೆ ಕೂತ್ರೆ ನನ್ ಬೀಗ್ರು ಕಾಯ್ತಾರಾ?"

ಸುಮ ಸಂವತ್ಸರವನ್ನು ಅಂಗಡಿಯ ಕಡೆಯಿಂದ ತೆಗೆದು ಒಂದೊಂದು ಮದುವೆಯ ಕಡೆಗೂ ಸೇರಿಸಿದಳು. ಲಕ್ಷ್ಮಮ್ಮನ ಮುಂದೆ ಕಾಫಿ ಇಟ್ಟಿದ್ದೆ, ಅವಳು ಅರ್ಧ ಕುಡಿಯೋದರೊಳಗೆ ಅವಳ ಮಗಳ ಕಾರ್ಡುಗಳೆಲ್ಲ ಸ್ವಭಾನು ಆಗಿ ಹೊರಗೆ ಬಂದವು. ಹಬ್ಬಕ್ಕೆ ಮುಂಚಿನ ಇನ್ನೆರಡು ಮದುವೆಯವೂ ಪ್ರಿಂಟಿಗೆ ಹೋಗುವ ಮುಂಚೆಯೇ ಸರಿಯಾದವು. ಈ ಸಲ ಸುಮ ಓದಲಿಲ್ಲ. ನಾಗ ತಾನೇ ತೆಗೆದುಕೊಂಡು ಯಜಮಾನರಿಗೆ ಓದಿದ, ಅನ್ವರನ ಕೈಗೆ ಕೊಡುವಾಗ ಇನ್ನೊಂದು ಸಲ ಓದಿದ. ಹೊರಗಿನ ಕಾರ್ಡು ಚೆನ್ನಾಗೇ ಇತ್ತು, ಒಳಹಾಳೆ ಮಾತ್ರ ಹೊಸದು ಬೇಕು. ಅನ್ವರ್ ಫ್ಯಾನ್ ಹಾಕಿ ಒಣಗಿಸಿದ. ಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ನನ್ನ ಜೊತೆ ಕೂತು ಹಳೇ ಹಾಳೆ ಎಳೆದು ಹೊಸದು ಸೇರಿಸಿದಳು. ಸೊಪ್ಪು ಕಟ್ಟಿ ಕಟ್ಟಿ ಅವಳ ಕೈ ನನಗಿಂತ ಚುರುಕು. ಮಧ್ಯಾಹ್ನದ ಊಟ ಎಲ್ಲರೂ ನಮ್ಮ ಕ್ಯಾರಿಯರಿನಲ್ಲೇ ಹಂಚಿಕೊಂಡೆವು.

ಕೆಲಸ ನಡೆಯುವಾಗ ನಾಗ ಒಂದು ಮಾತು ಹೇಳಿದ, ಯಾರಿಗೆ ಅಂತಲ್ಲ. "ಹೋದ ವರ್ಷ ತಪ್ಪು ಒಂದೇ ಕಾರ್ಡಲ್ಲಿ ಇತ್ತು. ಯಾರಿಗೂ ಸಿಗ್ಲಿಲ್ಲ. ಇದು ಎಲ್ಲಾದ್ರಲ್ಲೂ ಇತ್ತು, ಮೊದಲನೇ ಕಾರ್ಡಲ್ಲೇ ಸಿಕ್ತು." ಸುಮ ತಲೆ ಬಗ್ಗಿಸಿಕೊಂಡು ಮಡಿಸುತ್ತಲೇ ಇದ್ದಳು.

ಕಟ್ಟು ಕಟ್ಟಿ ಆಟೋಗೆ ಇಟ್ಟ ಮೇಲೆ ನಾಗ ಅಂದ, "ಲಕ್ಷ್ಮಮ್ಮ, ನಾನು ಮನೇಲಿ ಒಂದು ಮಾತು ಹೇಳಿದ್ದೆ. ತಪ್ಪು ಅಂತ ಯಾರಾದ್ರೂ ಕಾರ್ಡ್ ಹಿಡ್ಕೊಂಡು ವಾಪಸ್ ಬಂದ್ರೆ ಅಂಗಡಿ ಮುಚ್ತೀನಿ ಅಂತ."

ಲಕ್ಷ್ಮಮ್ಮ ಸುಮಳನ್ನು ನೋಡಿದಳು, ಬಾಗಿಲಲ್ಲಿ ನಿಂತಿದ್ದ ಪ್ರಕಾಶನನ್ನು ನೋಡಿದಳು. ಬುದ್ಧಿವಂತೆ.

"ನಾನೆಲ್ಲಿ ವಾಪಸ್ ಬಂದೆ? ಮಿಕ್ಕಿದ್ ಕಾರ್ಡ್ ತಗೊಂಡ್ ಹೋಗೋಕ್ ಬಂದಿದ್ದೆ. ತಗೊಂಡ್ ಹೋಗ್ತಾ ಇದೀನಿ," ಅಂತ ಆಟೋ ಹತ್ತಿದಳು.

ಅಷ್ಟಕ್ಕೆ ನಾಗನ ಮನಸ್ಸು ತಿರುಗಿತು ಅಂತ ಅಲ್ಲ. ಅವತ್ತು ಮನೆಗೆ ನಡೆದು ಬರುವಾಗ, "ಈ ವರ್ಷ ಸರಿಹೋಯ್ತು. ಮುಂದಿನ ಹಬ್ಬಕ್ಕೆ ಯಾವುದೋ ಮದುವೆಗೆ ಸಂವತ್ಸರ ತಪ್ಪು ಹಾಕಲ್ಲ ಅಂತ ಏನು ಗ್ಯಾರಂಟಿ?" ಅಂತ ಕೇಳಿದ. ಸುಮ, "ಗ್ಯಾರಂಟಿ ಇಲ್ಲ ಅಪ್ಪ, ನಾನು ಮರೀಬಹುದು," ಅಂದಳು.

ಯುಗಾದಿ ಬಂತು. ಬೇವು ಬೆಲ್ಲ, ಒಬ್ಬಟ್ಟು, ಎಲ್ಲ ಆಯಿತು. ಸಂಜೆ ಸುಮ ಒಂದು ಹಾಳೆ ಪೆನ್ನು ಹಿಡಿದುಕೊಂಡು ತಾತನ ಹತ್ತಿರ ಬಂದು ಕೂತಳು.

"ತಾತ, ಸಂವತ್ಸರ ನಾನು ಕೈಯಲ್ಲಿ ಬರೀಲೇಬಾರದು. ಮುಹೂರ್ತದ ತಾರೀಖು ನೋಡಿ ಕಂಪ್ಯೂಟರೇ ಹುಡುಕ್ಕೋಬೇಕು. ಹಬ್ಬದ ತಾರೀಖು ವರ್ಷಕ್ಕೊಂದ್ಸಲ ಪಂಚಾಂಗ ನೋಡಿ ಕೊಡ್ತೀನಿ. ಕೊಡೋದು ಮರೆತ್ರೆ ಕಾರ್ಡೇ ಬರದ ಹಾಗೆ ಮಾಡ್ತೀನಿ, ಕೊಟ್ಟ ಮೇಲೇ ಮುಂದಕ್ಕೆ. ನಂಗೆ ಹೆಸರುಗಳು ಬೇಕು."

"ಯಾವ ಯಾವ್ದು?"

"ಎಲ್ಲ. ಅರವತ್ತೂ."

ಯಜಮಾನರು ಗಂಟಲು ಸರಿ ಮಾಡಿಕೊಂಡರು. ಸೀಸದಲ್ಲಿ ಜೋಡಿಸಿ ಜೋಡಿಸಿ ಅವರಿಗೆ ಬಾಯಲ್ಲಿ ಇದ್ದವು. "ಪ್ರಭವ. ವಿಭವ. ಶುಕ್ಲ. ಪ್ರಮೋದೂತ. ಪ್ರಜೋತ್ಪತ್ತಿ. ಆಂಗೀರಸ, ಇದು ನಂದು, ನಾನು ಹುಟ್ಟಿದ್ದು." ಸುಮ ಬರೆದುಕೊಳ್ಳುತ್ತಾ ಹೋದಳು. ತಾರಣ ಬಂದಾಗ, "ಇದನ್ನ ದಪ್ಪಕ್ಕೆ ಬರೀ," ಅಂದರು. ಮನ್ಮಥ ಬಂತು. "ಇದರಲ್ಲಿ ನಿಮ್ಮಜ್ಜಿನ ಮದುವೆ ಆದೆ," ಅಂತ ಸ್ವಲ್ಪ ನಿಧಾನವಾಗಿ ಹೇಳಿ ನಕ್ಕರು. ನಾನು ಒಳಗೆ ಹೋಗೋ ಹಾಗೆ ಎದ್ದು ಮತ್ತೆ ಕೂತೆ. ದುರ್ಮುಖಿ. ಹೇವಿಳಂಬಿ. "ನಿಮ್ಮಪ್ಪ." ವಿಶ್ವಾವಸು. "ಅಂಗಡಿ ಹಾಕಿದ್ದು." ನಾಗ ಪೇಪರ್ ಹಿಡಿದುಕೊಂಡಿದ್ದ, ಆದರೆ ಆ ಹಾಳೆ ತುಂಬಾ ಹೊತ್ತಿನಿಂದ ತಿರುವಿರಲಿಲ್ಲ. ದುಂದುಭಿ. "ಇದು ನೀನು ಕಣಮ್ಮ, ಗಲಾಟೆ." ಕೊನೆಗೆ ರಕ್ತಾಕ್ಷಿ, ಕ್ರೋಧನ, ಅಕ್ಷಯ.

"ಮುಗೀತು," ಅಂದರು.

"ಮುಗಿಯಲ್ಲ ತಾತ. ಅಕ್ಷಯ ಆದ ಮೇಲೆ ಮತ್ತೆ ಪ್ರಭವದಿಂದ ತಗೊಳ್ಳೋ ಹಾಗೆ ಬರೀತೀನಿ."

ನಾಗ ಪೇಪರ್ ಕೆಳಗಿಟ್ಟ. "ಅರವತ್ತು ವರ್ಷಕ್ಕೆ ಆಗೋವಷ್ಟು ಬರೀತಿದೀಯಲ್ಲ," ಅಂದ. "ನಾನು ಅಂಗಡಿಗೆ ಕೊಟ್ಟಿರೋದು ವೈಶಾಖದವರೆಗೆ."

"ಗೊತ್ತು ಅಪ್ಪ," ಅಂದಳು ಸುಮ. ಹಾಳೆ ಮೇಲೆ ನಂಬರ್ ಹಾಕುತ್ತಿದ್ದಳು, ತಲೆ ಎತ್ತಲಿಲ್ಲ. ಹಟಕ್ಕೆ ಹೇಳಿದ್ದಲ್ಲ, ಆ ಕೆಲಸ ಮಾಡುವುದೇ ಹಾಗೆ ಅನ್ನೋ ಹಾಗೆ ಹೇಳಿದಳು. ನಾಗ ಅವಳ ಬಗ್ಗಿದ ತಲೆಯನ್ನು ನೋಡುತ್ತಾ ಕೂತಿದ್ದ. ಆಮೇಲೆ ಎದ್ದು ಹೋಗಿ ಒಳಗಿಂದ ಆ ವರ್ಷದ ಪಂಚಾಂಗ ತಂದು ಅವಳ ಪಕ್ಕ ಇಟ್ಟ.

ವೈಶಾಖದಲ್ಲಿ ಮುಹೂರ್ತಗಳು ಒಂದರ ಮೇಲೆ ಒಂದು. ಮಧ್ಯಾಹ್ನ ಸುಡುವ ಬಿಸಿಲು, ಸಂಜೆ ಧೂಳೆಬ್ಬಿಸಿಕೊಂಡು ಮಳೆ, ಮಳೆ ಬಂದ ಕೂಡಲೇ ಕರೆಂಟು ಹೋಗೋದು. ಒಳಹಾಳೆ ಒಣಗದೆ ಅನ್ವರ್ ಆಕಾಶ ನೋಡಿ ಬೈಯೋದು. ಒಂದು ಮನೆಯವರು ಛತ್ರವನ್ನು ಎರಡು ಸಲ ಬದಲಾಯಿಸಿದರು. ಸುಮ ಎರಡು ಸಲವೂ ನಗುತ್ತಾ ಗುಂಡಿ ಒತ್ತಿದಳು. ಯಾರೂ ಕಾರ್ಡು ಹಿಡಿದುಕೊಂಡು ಬರಲಿಲ್ಲ. ಲಕ್ಷ್ಮಮ್ಮ ಮಾತ್ರ ಒಂದು ದಿನ ಬಂದಳು, ಮಗಳು ಅಳಿಯನನ್ನು ಕರೆದುಕೊಂಡು, ಸೊಪ್ಪಿನ ಜೊತೆ ಒಂದು ಕುಕ್ಕೆ ಮಾವಿನಹಣ್ಣು ಇಟ್ಟು ಹೋದಳು.

ಜ್ಯೇಷ್ಠದ ಮೊದಲ ವಾರ ಪ್ರಕಾಶ ಬಂದ. "ಏನ್ ನಾಗರಾಜಣ್ಣ, ವೈಶಾಖ ಮುಗೀತಲ್ಲ?"

"ಮುಗೀತಪ್ಪ."

"ಮತ್ತೆ? ಗೋಡೆ?"

ನಾಗ ಕಂಪ್ಯೂಟರ್ ಕಡೆ ಕೈ ತೋರಿಸಿದ. "ಅದರಲ್ಲಿ ಅರವತ್ತು ಸಂವತ್ಸರ ತುಂಬಿ ಇಟ್ಟಿದಾಳೆ ನನ್ನ ಮಗಳು. ಅಷ್ಟೂ ಪ್ರಿಂಟ್ ಮಾಡಿ ಮುಗಿಸ್ಬಿಡ್ತೀವಿ. ಆಮೇಲೆ ನಿಂದೇ. ಕಾಯ್ತೀಯಾ?"

ಅನ್ವರ್ ಸ್ಕ್ರೀನಿನ ಹಿಂದೆ ಕೆಮ್ಮಿದ ಹಾಗೆ ಮಾಡಿದ. ಯಜಮಾನರು ಬೆಂಚಿನ ಮೇಲೆ ಸ್ವಲ್ಪ ಸರಿದು ಪ್ರಕಾಶನಿಗೆ ಜಾಗ ಮಾಡಿ, "ಕೂತ್ಕೋಪ್ಪ, ನಿಂತ್ಕೊಂಡ್ ಕಾಯ್ಬೇಡ," ಅಂದರು. ಪ್ರಕಾಶನೂ ನಕ್ಕುಬಿಟ್ಟ, ಪಾಪ. ಆಮೇಲೆ ಅವನ ತಂಗಿ ಮದುವೆ ಕಾರ್ಡೂ ನಾವೇ ಮಾಡಿದೆವು.

ಈಗ ಹೇಳುತ್ತೇನೆ. ಮೊನ್ನೆ ಮನೆಗೆ ಬಂದ ಕಟ್ಟು ಸುಮಳದೇ. ಈ ಐದಾರು ವರ್ಷದಲ್ಲಿ ಅಂಗಡಿಯನ್ನು ಅವಳೇ ನೋಡಿಕೊಂಡಿದ್ದಾಳೆ. ಹುಡುಗ ಬಸವನಗುಡಿಯವನು, ಮದುವೆ ಆದ ಮೇಲೂ ಅಂಗಡಿಗೆ ಬರುತ್ತೇನೆ ಅಂತ ಹುಡುಗನನ್ನು ನೋಡಿದ ದಿನವೇ ಹೇಳಿಬಿಟ್ಟಿದ್ದಾಳೆ. ಮುಹೂರ್ತ ಫಾಲ್ಗುಣದಲ್ಲಿ, ಯುಗಾದಿಗೆ ಮುಂಚೆ. ಆ ಮುಹೂರ್ತವೇ ಕೂಡಿಬರಬೇಕೇ. ತನ್ನ ಹೆಸರು, ಹುಡುಗನ ಹೆಸರು, ಛತ್ರ, ಎಲ್ಲ ಒಂದೇ ಕಡೆ ಬರೆದು ಎಲ್ಲರ ಹಾಗೆ ತಾನೂ ಗುಂಡಿ ಒತ್ತಿದಳಂತೆ. ಸಂವತ್ಸರ ಬರೆಯಲಿಲ್ಲವಂತೆ, ಅದು ತಾನಾಗೇ ಬಂತಂತೆ. ಅನ್ವರ್ ಯಾರ ಕೈಗೂ ಕೊಡದೆ ತಾನೇ ಪ್ರಿಂಟ್ ಮಾಡಿದ.

ನಾಗ ಮೊದಲ ಕಾರ್ಡು ತೆಗೆದುಕೊಂಡು ಯಜಮಾನರ ಪಕ್ಕ ಕೂತ. ಈಗ ಅವರಿಗೆ ಬೆಳಕು ಕತ್ತಲೆ ಬಿಟ್ಟರೆ ಬೇರೇನೂ ಕಾಣೋದಿಲ್ಲ. ಸಂವತ್ಸರದ ಸಾಲನ್ನು ನಾಗ ಗಟ್ಟಿಯಾಗಿ ಓದಿದ. ಮಾಸ, ಪಕ್ಷ, ತಿಥಿ ಓದಿದ.

"ಸರಿಯಾಗಿದೆ," ಅಂದರು ಯಜಮಾನರು. "ಮುಂದಕ್ಕೆ ಓದು."

ಮುಂದಿನ ಸಾಲಿನಲ್ಲಿ ವಧುವಿನ ಹೆಸರು. ನಾಗ ಬಾಯಿ ತೆರೆದ, ಕಾರ್ಡನ್ನು ಬೆಳಕಿಗೆ ಹಿಡಿದ.

"ಓದೋ ನಾಗ."

"ಓದ್ತೀನಿ, ಇರು."

ನಾನು ಕಟ್ಟಿನಿಂದ ಇನ್ನೊಂದು ಕಾರ್ಡು ತೆಗೆದು ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಒಣಗೋಕೆ ಇಟ್ಟೆ. ಅವನು ಇನ್ನೂ ಆ ಸಾಲಿನ ಮೇಲೇ ಇದ್ದ.